ಮೀಟರಿನ ಮೇಲೊಂದು ಬೊಟ್ಟು

ಮೊದಲು ಒಂದು ಕೆಮ್ಮು, ಆಮೇಲೊಂದು ಗುಟುರು, ಅದರ ಹಿಂದೆಯೇ ಕಿಟಕಿಯ ಗಾಜುಗಳೆಲ್ಲ ಒಟ್ಟಿಗೆ ನಡುಗುವಂಥ ಗುಡುಗುಡು. ಎರಡು ಸಾವಿರದ ಇಪ್ಪತ್ತರ ಆ ವಸಂತದಲ್ಲಿ, ಅಮೆರಿಕದ ಅಟ್ಲಾಂಟಾ ಬಳಿಯ ಸುವಾನಿಯ ನಮ್ಮ ಬೀದಿಯಲ್ಲಿ ಬೇರೆ ಸದ್ದೇ ಇರಲಿಲ್ಲ. ಶಾಲೆಯ ಹಳದಿ ಬಸ್ಸು ನಿಂತುಹೋಗಿತ್ತು. ಹುಲ್ಲು ಕತ್ತರಿಸುವವರು ಬರುತ್ತಿರಲಿಲ್ಲ. ಜನ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನ ಜೊತೆ ಮಾತಾಡಿಕೊಂಡಿದ್ದರು. ಆ ಮೌನವನ್ನು ಸೀಳಿಕೊಂಡು ಶನಿವಾರ ಬೆಳಿಗ್ಗೆ ಎದುರುಮನೆಯ ಗರಾಜಿನಿಂದ ಈ ಗುಡುಗು ಏಳುತ್ತಿತ್ತು. ನನ್ನ ಕಾಫಿ ಲೋಟದ ಮೇಲೆ ಸಣ್ಣ ಅಲೆಗಳು ಏಳುತ್ತಿದ್ದವು. ಐ ಆ್ಯಮ್ ನಾಟ್ ಎಕ್ಸಾಜರೇಟಿಂಗ್, ಕಣ್ಣಾರೆ ನೋಡಿದ್ದೇನೆ.

ಮೈಸೂರಿನ ಕಾನ್ವೆಂಟಿನಲ್ಲಿ ನಮ್ಮನ್ನು ತಿದ್ದಿ ಬೆಳೆಸಿದ ಸಿಸ್ಟರ್‌ಗಳು, ಒಳ್ಳೆಯ ಹೆಣ್ಣುಮಗಳು ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಬೀಳಬಾರದು ಎಂದು ಹೇಳುತ್ತಿದ್ದರು. ಅದೇ ಕಾನ್ವೆಂಟಿನಲ್ಲಿ ಮುಂದೆ ನಾನೂ ಇಂಗ್ಲಿಷ್ ಪಾಠ ಹೇಳಿ, ಅದೇ ಮಾತನ್ನು ಸಾವಿರಾರು ಹುಡುಗಿಯರಿಗೆ ದಾಟಿಸಿದವಳು. ಮಗಳು ಸುಮನಳ ಮನೆಗೆಂದು ಚಳಿಗಾಲದಲ್ಲಿ ಬಂದು, ವಿಮಾನಗಳು ನಿಂತು, ಜಾರ್ಜಿಯಾದಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಒಂದು ಶನಿವಾರ ತಡೆಯಲಾರದೆ ಮಾಸ್ಕು ಏರಿಸಿಕೊಂಡು ರಸ್ತೆ ದಾಟಿದೆ.

ಗರಾಜಿನಲ್ಲಿ ಗಾಢ ನೀಲಿ ಬಣ್ಣದ ಹಳೆಯ ಕಾರೊಂದು ನಿಂತಿತ್ತು. ಅಗಲ ಎದೆ, ಗಿಡ್ಡ ಬಾಲ, ಜಗಳಕ್ಕೆ ನಿಂತ ಮುಖ. ಅದರ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ನಿಂತವರು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದ, ಕಾಲಿಗೆ ಸ್ನೀಕರ್ಸ್ ಹಾಕಿದ್ದ, ನನ್ನ ವಯಸ್ಸಿನದೇ ಒಬ್ಬ ಹೆಂಗಸು.

"ಎಕ್ಸ್‌ಕ್ಯೂಸ್ ಮಿ," ಎಂದೆ. "ವುಡ್ ಯು ಮೈಂಡ್, ಈ ಸೌಂಡ್ ಸ್ವಲ್ಪ…"

ಅವರು ತಲೆ ಎತ್ತಿದರು. "ಸುಮನಾನ ತಾಯಿ ಹೌದಲ್ರೀ? ಸಾಲಿ ಅಕ್ಕೋರು ಅಂತ ಹೇಳಿದ್ಲು. ಬರ್ರಿ ಬರ್ರಿ, ಆದ್ರ ಅಲ್ಲೇ ದೂರ ನಿಂದರ್ರಿ. ಸದ್ದು ಕಡಿಮಿ ಮಾಡಬೇಕಂದ್ರ ಇಲ್ಲಿ ಮುಂದ ಏನೂ ಮಾಡಾಕ ಬರೂದಿಲ್ಲ. ರಸ್ತಾದಾಗರ ಕಡಿಮಿ ಆಗಬೇಕಂದ್ರ ಹಿಂದಿನ ಗೇರು ಬದಲಿ ಮಾಡಬೇಕು. ಮೂವತ್ತು ವರ್ಷದಿಂದ ಅದನ್ನ ಹೇಳಾಕತ್ತೀನಿ, ಕೇಳೋರಿಲ್ಲ."

ಹೀಗೆ ಗಿರಿಜಕ್ಕ ನನಗೆ ಸಿಕ್ಕಿದರು. ಆ ದಿನದಿಂದ ಅವರಿಗೆ ನಾನು ‘ಅಕ್ಕೋರು’. ಅವರ ಕಡೆ ಶಾಲೆಯ ಟೀಚರಮ್ಮನನ್ನು ಹಾಗೆ ಕರೆಯುತ್ತಾರಂತೆ.

ಬೈಲಹೊಂಗಲದ ಕಡೆಯವರು. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವಾಗ ತರಗತಿಗೆಲ್ಲ ಅವರೊಬ್ಬರೇ ಹುಡುಗಿ. ಅಮೆರಿಕಕ್ಕೆ ಬಂದ ಮೇಲೆ ನಾರ್ತ್ ಕ್ಯಾರೊಲೈನಾದ ಒಂದು ಕಾರ್ಖಾನೆಯಲ್ಲಿ ಲಾರಿಗಳ ಗೇರ್ ಡಿಸೈನ್ ಮಾಡಿಕೊಂಡಿದ್ದು, ಗಂಡನ ಪ್ರಾಕ್ಟೀಸ್‌ಗಾಗಿ ಜಾರ್ಜಿಯಾಕ್ಕೆ ಬಂದವರು. ಮಾತಾಡುವಾಗ ಎರಡೂ ಮುಷ್ಟಿ ಕಟ್ಟಿ, ಒಂದರ ಗೆಣ್ಣುಗಳನ್ನು ಇನ್ನೊಂದರ ಗೆಣ್ಣುಗಳ ಸಂದಿಗೆ ಕೂರಿಸಿ ತಿರುಗಿಸುವುದು ಅವರ ಅಭ್ಯಾಸ. ಚಪಾತಿ ಹಿಟ್ಟಿನ ಹದ ಹೇಳುವಾಗಲೂ ಮುಷ್ಟಿಗಳು ತಿರುಗುತ್ತಿದ್ದವು. ಮನುಷ್ಯರನ್ನು ಅಳೆಯುವುದೂ ಗೇರಿನಲ್ಲೇ. "ಅಂವಾ ಬರೇ ಫಸ್ಟ್ ಗೇರಿನ ಮನಷ್ಯಾ, ಕೂಗಾಟ ಭಾಳ, ಊರು ಮುಟ್ಟೂದಿಲ್ಲ" ಎಂದು ಮೂಲೆಮನೆಯವನ ಬಗ್ಗೆ. ನನ್ನ ಅಳಿಯನ ಬಗ್ಗೆ, ನನ್ನೆದುರಿಗೇ: "ನಿಮ್ಮ ಅಳಿಯ ಟಾಪ್ ಗೇರಿನ್ಯಾಗ ಹುಟ್ಯಾನ್ರೀ. ಸಪಾಟ ರಸ್ತಾದಾಗ ಬಂಗಾರ. ಏರು ಬಂದ್ರ ಕೆಮ್ಮತಾನ." ನಾನು ಸಿಟ್ಟಾಗಬೇಕಿತ್ತು. ಫ್ರಾಂಕ್ಲಿ, ಇಷ್ಟು ಸರಿಯಾಗಿ ನಮ್ಮ ಹುಡುಗನನ್ನು ಯಾರೂ ಹೇಳಿರಲಿಲ್ಲ.

ಕಾರು ಅವರದಲ್ಲ, ಗಂಡ ಡಾಕ್ಟರ್ ಬಸವರಾಜರದು. ವಾರವಿಡೀ ಮೃದುವಾಗಿ ನಾಡಿ ಹಿಡಿಯುತ್ತಿದ್ದ ಆ ಮನುಷ್ಯ ಭಾನುವಾರ ನೇರ ರಸ್ತೆಯ ರೇಸಿನ ಮೈದಾನಕ್ಕೆ ಹೋಗಿ, ದೀಪ ಹಸಿರಾದ ಕೂಡಲೇ ಈ ಕಾರನ್ನು ಚಿಮ್ಮಿಸುತ್ತಿದ್ದರಂತೆ. ಚಿಮ್ಮಲೆಂದೇ ಹಿಂದಿನ ಆ್ಯಕ್ಸಲ್ಲಿನಲ್ಲಿ ಗಿಡ್ಡ ಗೇರು ಹಾಕಿಸಿದ್ದರು. ಎಂಜಿನ್ನಿನಿಂದ ಬರುವ ದಂಡ ನಾಲ್ಕೂ ಚಿಲ್ಲರೆ ಸುತ್ತು ಸುತ್ತಿದರೆ ಚಕ್ರಕ್ಕೆ ಒಂದು ಸುತ್ತು. ಬಲ ಜಾಸ್ತಿ, ಆದರೆ ಹೈವೇಯಲ್ಲಿ ಎಂಜಿನ್ನು ಸುಮ್ಮನೆ ಬೊಬ್ಬಿಡುತ್ತ ಗ್ಯಾಸ್, ಅಂದರೆ ನಮ್ಮ ಪೆಟ್ರೋಲು, ಕುಡಿಯುತ್ತದೆ. ಗಿರಿಜಕ್ಕನ ವಾದ, ಮೂರೂ ಚಿಲ್ಲರೆ ಸುತ್ತಿನ ಉದ್ದ ಗೇರು ಸಾಕು ಎಂದು.

"ಎತ್ತು ನೋಡ್ರಿ ಅಕ್ಕೋರ. ಗಿಡ್ಡ ಹೆಜ್ಜಿ ಹಾಕಿದ್ರ ಏರು ಹತ್ತತಾವ, ಉದ್ದ ಹೆಜ್ಜಿ ಹಾಕಿದ್ರ ಬಯಲು ದಾಟತಾವ. ನಮ್ಮನೆಯವರಿಗೆ ಬರೇ ಏರು ಬೇಕಿತ್ತು. ನಾ ಅಂತಿದ್ದೆ, ನಾಳೆ ದೂರ ಹೋಗೂದು ಬಂದ್ರ ಏನ್ ಮಾಡ್ತೀರಿ ಅಂತ. ಅವರು, ದೂರ ಹೋಗಾಕ ವಿಮಾನ ಐತಿ, ನೀ ಸುಮ್ಕಿರು ಎಂಜಿನಿಯರ ಅನ್ನೋರು."

ಡಾಕ್ಟರು ಹಿಂದಿನ ವರ್ಷ ತೀರಿಕೊಂಡಿದ್ದರು. ಶನಿವಾರದ ಗುಡುಗು ಕಾರಿಗೆ ತುಕ್ಕು ಹಿಡಿಯದಿರಲೆಂದು ಮಾತ್ರ. ಎಂಜಿನ್ ಶುರು ಮಾಡಿ, ಒಂದಿಷ್ಟು ಹೊತ್ತು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಆರಿಸಿಬಿಡುತ್ತಿದ್ದರು.

ಬೇಸಿಗೆಯಲ್ಲಿ, ಆರುನೂರಕ್ಕೂ ಹೆಚ್ಚು ಮೈಲಿ ದೂರದಲ್ಲಿ, ವಾಷಿಂಗ್ಟನ್ನಿನ ಆಚೆ ಗೈದರ್ಸ್‌ಬರ್ಗಿನಲ್ಲಿದ್ದ ಅವರ ಒಬ್ಬಳೇ ಮಗಳು ವೀಣಾಗೆ ಗಂಡು ಮಗುವಾಯಿತು. ಆಗ ಕಥೆ ಬಿಸಿಯಾಯಿತು. ವಿಮಾನ ಹತ್ತುವ ಹಾಗಿಲ್ಲ, ಮಗುವನ್ನು ನೋಡದೆ ಇರುವ ಹಾಗಿಲ್ಲ. ಗಿರಿಜಕ್ಕನ ಬಳಿ ದಿನನಿತ್ಯಕ್ಕೊಂದು ಬೆಳ್ಳಿ ಬಣ್ಣದ ಸಾಧು ಕಾರಿತ್ತು. ಅದರಲ್ಲಿ ಹೊರಟಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ. ಅವರು ಹಟ ಹಿಡಿದದ್ದು ನೀಲಿ ಕಾರಿಗೆ.

"ಅವರಂತೂ ಮೊಮ್ಮಗೂನ್ನ ನೋಡ್ಲಿಲ್ಲ," ಎಂದರು. "ಅವರ ಕಾರರ ನೋಡ್ಲಿ."

ನಮ್ಮ ಹಿತ್ತಿಲಿನಲ್ಲಿ, ಎರಡು ಕುರ್ಚಿಗಳ ನಡುವೆ ಆರು ಅಡಿ ಬಿಟ್ಟು ಕೂತಿದ್ದಾಗ, ವೀಣಾಳ ಫೋನು ಸ್ಪೀಕರಿನಲ್ಲಿತ್ತು. ಅಮೆರಿಕದಲ್ಲೇ ಹುಟ್ಟಿದ ಹುಡುಗಿ. ಕನ್ನಡ ಶುರು ಮಾಡುತ್ತಾಳೆ, ಮಧ್ಯದಲ್ಲಿ ಇಂಗ್ಲಿಷಿಗೆ ಜಾರುತ್ತಾಳೆ.

"ಅಮ್ಮಾ, ಸೀರಿಯಸ್ಲೀ? ಆ ಕಾರ್ ಎಷ್ಟು ಗ್ಯಾಸ್ ತಗೋತದೆ. ಎವ್ರಿ ಟು ಅವರ್ಸ್ ನಿಲ್ಲಿಸ್ತೀಯ. ಎಲ್ಲಾ ಪಂಪ್ ಟಚ್ ಮಾಡ್ತೀಯ, ದೆನ್ ಯು ವಾಂಟ್ ಟು ಹೋಲ್ಡ್ ಮೈ ಬೇಬಿ?"

"ಒಂದs ಸಲ ನಿಂದರ್ತೀನಿ."

"ಅಮ್ಮಾ."

"ಒಂದs ಸಲ. ಗ್ಲೌಸ್ ಹಾಕ್ಕೊಂಡು."

ಆ ಕಡೆ ಮಗುವನ್ನು ತಟ್ಟುವ ಸದ್ದು. ಆಮೇಲೆ ವೀಣಾ, "ಫೈನ್. ಒಂದು ಸ್ಟಾಪ್‌ನಲ್ಲಿ ಬಂದ್ರೆ ನಾನು ಕಾರ್ ಬಗ್ಗೆ ಮತ್ತೆ ಮಾತಾಡೋದಿಲ್ಲ. ಎರಡು ಸ್ಟಾಪ್ ಆದ್ರೆ, ಯು ಸೆಲ್ ಇಟ್ ಟು ರಸೆಲ್. ಪ್ರಾಮಿಸ್ ಮಾಡು" ಎಂದಳು.

"ಪ್ರಾಮಿಸ್," ಎಂದು ಗಿರಿಜಕ್ಕ ನನ್ನ ಕಡೆ ನೋಡಿದರು. "ಅಕ್ಕೋರು ಸಾಕ್ಷಿ. ಅವರೂ ಬರ್ತಾರ."

ನಾನು ಬರುತ್ತೇನೆಂದು ಹೇಳಿಯೇ ಇರಲಿಲ್ಲ. ಆದರೆ ಏಳು ತಿಂಗಳಿಂದ ಒಂದೇ ಹಿತ್ತಿಲಿನ ಒಂದೇ ಮರ ನೋಡಿದ್ದೆ. ತಲೆಯಾಡಿಸಿದೆ.

ರಸೆಲ್ ಯಾರೆಂದು ಹೇಳಬೇಕು. ಪಕ್ಕದ ಡುಲುತ್‌ನಲ್ಲಿದ್ದ, ಎದೆಯವರೆಗೆ ಬಿಳಿ ಗಡ್ಡದ ಅಮೆರಿಕನ್. ಡಾಕ್ಟರರ ರೇಸಿನ ಗೆಳೆಯ. ಕಾರಿನ ಮೇಲೆ ಅವನಿಗೆ ಬಹಳ ವರ್ಷದ ಆಸೆ, ಅದನ್ನವನು ಮುಚ್ಚಿಡುತ್ತಲೂ ಇರಲಿಲ್ಲ. ಆದರೂ ಗೇರು ಬದಲಿಸಿಕೊಡಲು ಅವನೇ ಬಂದ. "ಮ್ಯಾಮ್, ಮೈಲೇಜೇ ಬೇಕೆಂದರೆ ಇನ್ನೂ ಉದ್ದದ ಗೇರಿದೆ, ಎರಡೂ ಚಿಲ್ಲರೆಯದು," ಎಂದ. "ಆದರೆ ಹಾಕಿದ ಮೇಲೆ ಇದು ಕಾರಲ್ಲ, ಬಸ್ಸು."

ಗಿರಿಜಕ್ಕ ನನ್ನತ್ತ ತಿರುಗಿ ಕನ್ನಡದಲ್ಲಿ, "ಇವಗ ಹ್ಯಾಂಗ ಹೇಳೂದ್ರೀ? ನಂಗ ಗೂಳೀನೂ ಬೇಕು, ಹಾಲೂ ಬೇಕು" ಎಂದರು. ನಾನು ಅದನ್ನು ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ರಸೆಲ್‌ಗೆ ತಿಳಿಸಿದೆ. ಅವನು ಗಡ್ಡ ನೀವಿಕೊಂಡು ಬಹಳ ಹೊತ್ತು ಯೋಚಿಸಿದ.

ಮೂರೂ ಚಿಲ್ಲರೆಯ ಗೇರೇ ಬಂತು. ಡ್ರೈವ್‌ವೇಯಲ್ಲಿ ಕಾರನ್ನು ಮೇಲೆತ್ತಿ ನಿಲ್ಲಿಸಿ ಹಿಂದಿನ ಆ್ಯಕ್ಸಲ್ಲಿನ ಹೊಟ್ಟೆ ಬಿಚ್ಚಿದರು. ಹೊಸ ಗೇರಿನ ಹಲ್ಲುಗಳಿಗೆ ಅರಿಶಿನದ ಮುದ್ದೆಯಂಥ ಹಳದಿ ಹಚ್ಚಿ ತಿರುಗಿಸಿದರೆ, ಹಲ್ಲಿಗೆ ಹಲ್ಲು ತಾಗಿದಲ್ಲಿ ಹಳದಿ ಅಳಿಸಿ ಗುರುತು ಮೂಡುತ್ತದೆ. ಗುರುತು ಹಲ್ಲಿನ ನಟ್ಟನಡುವೆ ಮೂಡಬೇಕು. ಅಂಚಿಗೆ ಬಂದರೆ ಬಿಚ್ಚಿ ಮತ್ತೆ ಕೂರಿಸಬೇಕು. ರಸೆಲ್ ಕಾರಿನಡಿ ಮಲಗಿ ತಿರುಗಿಸುವುದು, ಗಿರಿಜಕ್ಕ ಟಾರ್ಚು ಹಿಡಿದು ಬಗ್ಗಿ, "ನೋ ನೋ, ಟೂ ಹೈ. ಅಗೇನ್" ಎನ್ನುವುದು. ಅವನು ಗೊಣಗುವುದು, ಬಿಚ್ಚುವುದು. ಮೈ ಎಲ್ಲ ಹಳದಿ ಮೆತ್ತಿಕೊಂಡು ಸಂಜೆ ಎದ್ದು ಬಂದ ರಸೆಲ್ ಮದುವೆಗೆ ಮುಂಚಿನ ಮದುಮಗನ ಹಾಗಿದ್ದ. ನಾನು ಆ ವರ್ಷ ಅಷ್ಟು ನಕ್ಕದ್ದು ಅದೇ ಮೊದಲು.

ಹೊರಗೆ ಬಂದ ಹಳೆಯ ಗೇರನ್ನು ಗಿರಿಜಕ್ಕ ತೊಳೆದು, ಒರೆಸಿ, ಕೈಯಲ್ಲಿ ತಿರುವಿ ನೋಡಿದರು. ಜಗಳ ಗೆದ್ದವರ ಮುಖ ಅದಾಗಿರಲಿಲ್ಲ. ಆಯುಧಪೂಜೆಯ ದಿನ ದೇವರ ಮುಂದೆ ಅದನ್ನೂ ಇಟ್ಟು ಕುಂಕುಮ ಹಚ್ಚಿದರು.

ಹೊರಟದ್ದು ಪೂಜೆಯಾದ ಮೇಲಿನ ವಾರ, ಇನ್ನೂ ಇಬ್ಬನಿ ಇರುವಾಗ. ಬೀಳ್ಕೊಡಲು ರಸೆಲ್ ಬಂದಿದ್ದ. ಟೈರಿನಡಿಯ ನಿಂಬೆಹಣ್ಣು ಯಾತಕ್ಕೆಂದು ಅವನು ಕೇಳಿದ್ದಕ್ಕೆ ಗಿರಿಜಕ್ಕ, "ಫಾರ್ ಮೈಲೇಜ್" ಎಂದರು. ಸುಮನ ಮಾತ್ರ ಹೊಸ್ತಿಲಲ್ಲಿ ಕೈಕಟ್ಟಿ ನಿಂತು, "ಅಮ್ಮಾ, ನಿಮ್ಮಿಬ್ಬರ ವಯಸ್ಸು ಸೇರಿಸಿದ್ರೆ ಎಷ್ಟಾಗತ್ತೆ ಗೊತ್ತಾ?" ಎಂದಳು.

"ಸೇರಿಸಬ್ಯಾಡವಾ," ಎಂದರು ಗಿರಿಜಕ್ಕ, "ಭಾಗಾಕಾರ ಮಾಡು."

ನನಗೊಂದು ಕೆಲಸ ಕೊಟ್ಟಿದ್ದರು. ಮೀಟರಿನಲ್ಲಿ ಎಷ್ಟು ಮೈಲಿ ಆಯಿತು, ಗ್ಯಾಸಿನ ಮುಳ್ಳು ಎಲ್ಲಿಗಿಳಿಯಿತು ಎಂದು ಆಗಾಗ ಗಟ್ಟಿಯಾಗಿ ಹೇಳುವುದು. ಫೋನಿನ ಮ್ಯಾಪು ಬೇಡವೆಂದರು. ಎಂಬತ್ತೈದನೇ ನಂಬರಿನ ಹೆದ್ದಾರಿ ಹಿಡಿದರೆ ವರ್ಜೀನಿಯಾದವರೆಗೆ ಬೇರೆ ಯೋಚನೆ ಇಲ್ಲ. ಗ್ಯಾಸ್ ಉಳಿಯಬೇಕಾದರೆ ಅರವತ್ತು ದಾಟಬಾರದು ಎಂದು ಮೀಟರಿನ ಮುಳ್ಳನ್ನು ಅರವತ್ತರ ಮೇಲೆ ಮೊಳೆ ಹೊಡೆದ ಹಾಗೆ ನಿಲ್ಲಿಸಿದರು. ಮತ್ತೆ ಕಿವಿಗೊಟ್ಟು ಕೇಳಿದರು. ಮುಖ ಇಳಿಯಿತು.

"ಅಕ್ಕೋರ, ಕೇಳ್ರಿ. ಅದs ಸದ್ದು. ಅವರು ಅರವತ್ತರಾಗ ಹೊಡೀವಾಗ ಎಂಜಿನ್ ಹ್ಯಾಂಗ ಒದರತಿತ್ತೋ ಹಂಗs ಒದರಾಕತ್ತೈತಿ. ಕಡಿಮಿ ಆಗ್ಬೇಕಿತ್ತು."

ಸಿಗ್ನಲ್ಲಿನಲ್ಲಿ ಮೊದಲಿನ ಚಿಮ್ಮು ಕಡಿಮೆಯಾಗಿತ್ತು, ಅದು ಹೊರಡುವಾಗಲೇ ಅವರಿಗೆ ಗೊತ್ತಾಗಿತ್ತು. ಈಗ ಹೈವೇಯಲ್ಲಿ ಸದ್ದೂ ಇಳಿದಿಲ್ಲ. ಅಂದರೆ ಗೂಳಿಯೂ ಹೋಯಿತು, ಹಾಲೂ ಬರಲಿಲ್ಲ.

ಸೌತ್ ಕ್ಯಾರೊಲೈನಾ ಸ್ವಾಗತಿಸುವ ಬೋರ್ಡು ಬಂದಾಗ ನಾನು, "ಇಷ್ಟು ಬೇಗ ಬಂತಾ? ಮೀಟರ್ ಐವತ್ತು ಮೈಲಿ ಅಷ್ಟೇ ಹೇಳ್ತಿದೆ" ಎಂದೆ.

"ಎಪ್ಪತ್ತರ ಹತ್ರ ಇರಬೇಕು. ಕನ್ನಡಕ ಒರಸ್ಕೊಂಡು ನೋಡ್ರಿ."

ಒರೆಸಿಕೊಂಡು ನೋಡಿದೆ. ಐವತ್ತೇ. ಆದರೆ ಅವರ ದನಿಗೆ ಹೆದರಿ ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ವಿಚಿತ್ರ ಕಂಡಿತು. ನಾವು ಅರವತ್ತರಲ್ಲಿದ್ದೆವು, ಆದರೂ ಎಲ್ಲರನ್ನೂ ಹಿಂದೆ ಹಾಕುತ್ತಿದ್ದೆವು. ಮೀನು ಹಿಡಿಯುವ ದೋಣಿ ಎಳೆದುಕೊಂಡು ಹೋಗುತ್ತಿದ್ದ ಟ್ರಕ್ಕು, ದೊಡ್ಡ ದೊಡ್ಡ ವ್ಯಾನುಗಳು, ಕೊನೆಗೊಂದು ಕೆಂಪು ಸ್ಪೋರ್ಟ್ಸ್ ಕಾರು.

"ಎಲ್ಲಾರೂ ನಿಧಾನ ಹೋಗ್ತಿದಾರಲ್ಲ, ಗಿರಿಜಕ್ಕ?"

"ಕೋವಿಡ್ ಅಲ್ರೀ. ಜನ ಹೆದರ್ಯಾರ."

ಗ್ಯಾಸಿನ ಮುಳ್ಳು ಅರ್ಧಕ್ಕೆ ಇಳಿಯಿತು. ನಾನು ಹೇಳಿದೆ. ಮೀಟರಿನ ಮೈಲಿ ಕೇಳಿದರು. ಅದನ್ನೂ ಹೇಳಿದೆ. ತುಟಿ ಅಲುಗಿಸಿ ಭಾಗಿಸಿದರು. ಆಮೇಲೆ ಸ್ಟೀರಿಂಗಿನ ಮೇಲಿದ್ದ ಅವರ ಬೆರಳುಗಳು ಸಡಿಲವಾದವು.

"ಹನ್ನೊಂದು, ಹನ್ನೆರಡು ಮೈಲಿ ಬರಾಕತ್ತೈತಿ ಗ್ಯಾಲನ್ನಿಗೆ. ಒಂದ್ ಸ್ಟಾಪ್‌ನ್ಯಾಗ ಮುಟ್ಟೂದಿಲ್ಲ. ಎರಡರಾಗೂ ಕಷ್ಟ." ಕನ್ನಡಿ ಸರಿಮಾಡಿಕೊಂಡರು. "ಹೋಗ್ಲಿ ಬಿಡ್ರಿ. ರಸೆಲ್ ಒಳ್ಳೆ ಮನಷ್ಯಾ. ಚಲೋ ನೋಡ್ಕೊತಾನ."

ನಾನು ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯ ಸುರುಳಿ ಬಿಚ್ಚಿ ಕೊಟ್ಟೆ. ಅವರು ಬೇಡವೆಂದರು. ಗಿರಿಜಕ್ಕ ರೊಟ್ಟಿ ಬೇಡವೆಂದದ್ದು ನಾನು ಕಂಡಂತೆ ಅದೊಂದೇ ಸಲ.

ಸ್ಪಾರ್ಟನ್‌ಬರ್ಗ್ ದಾಟಿದ ಮೇಲೆ ಹಿಂದಿನಿಂದ ನೀಲಿ ದೀಪಗಳು ಮಿನುಗಿದವು. ಪಕ್ಕಕ್ಕೆ ನಿಲ್ಲಿಸಿದರು. ಮಾಸ್ಕು ಹಾಕಿಕೊಂಡ ಎಳೆಯ ಟ್ರೂಪರ್, ಅಂದರೆ ಹೆದ್ದಾರಿಯ ಪೊಲೀಸಿನವನೊಬ್ಬ, ಅಗಲ ಹ್ಯಾಟಿನಡಿ ಬಗ್ಗಿ ನೋಡಿದ. ಯಾರೋ ತರುಣರನ್ನು ನಿರೀಕ್ಷಿಸಿದ್ದನೋ ಏನೋ. ಇಳಕಲ್ ಸೀರೆ, ಮೈಸೂರು ಸಿಲ್ಕು, ನಡುವೆ ರೊಟ್ಟಿಯ ಡಬ್ಬಿ ನೋಡಿ ಹ್ಯಾಟು ಸರಿಮಾಡಿಕೊಂಡ.

"ಮ್ಯಾಮ್, ಎಷ್ಟು ಸ್ಪೀಡಿನಲ್ಲಿ ಬರುತ್ತಿದ್ದೀರಿ ಗೊತ್ತೇ?"

"ಸಿಕ್ಸ್ಟಿ," ಎಂದರು ಗಿರಿಜಕ್ಕ. ನೋಡಿಕೊಂಡೇ ಬಂದಿದ್ದರಿಂದ ದನಿಯಲ್ಲಿ ಅಳುಕೇ ಇರಲಿಲ್ಲ.

"ಎಂಬತ್ತು, ಮ್ಯಾಮ್. ಇಲ್ಲಿ ಲಿಮಿಟ್ ಅರವತ್ತೈದು."

ಗಿರಿಜಕ್ಕ ಅವನನ್ನೇ ನೋಡಿದರು. ಆಮೇಲೆ ನಿಧಾನವಾಗಿ ಅವರ ಎರಡೂ ಕೈಗಳು ಸ್ಟೀರಿಂಗ್ ಬಿಟ್ಟು ಮುಷ್ಟಿ ಕಟ್ಟಿದವು. ಒಂದರ ಗೆಣ್ಣು ಇನ್ನೊಂದರ ಸಂದಿಗೆ ಕೂತಿತು, ತಿರುಗಿತು.

"ಆರ್ ಯು ಶೂರ್, ಎಂಬತ್ತು?" ಎಂದು ಕೇಳಿದರು. "ನಿಮ್ಮ ರಾಡಾರ್ ಕರೆಕ್ಟ್ ಇದೆಯಾ? ಟೆಸ್ಟ್ ಮಾಡಿದ್ದೀರಾ?"

"ಇವತ್ತು ಬೆಳಿಗ್ಗೆಯೇ, ಮ್ಯಾಮ್," ಎಂದ ಹುಡುಗ ಸ್ವಲ್ಪ ಬಿಗಿಯಾಗಿ.

"ಎಂಬತ್ತೇ? ಎಪ್ಪತ್ತೈದಲ್ಲವಲ್ಲ?"

"ಎಂಬತ್ತು."

"ಥ್ಯಾಂಕ್ ಯು," ಎಂದರು ಗಿರಿಜಕ್ಕ. "ಥ್ಯಾಂಕ್ ಯು ಸೋ ಮಚ್, ಆಫೀಸರ್." ಅವರ ಕಣ್ಣಲ್ಲಿ ನೀರು. ಟ್ರೂಪರ್ ಗಾಬರಿಯಾಗಿ ನನ್ನತ್ತ ನೋಡಿದ. ನಾನು ಅವನಿಗಿಂತ ಹೆಚ್ಚು ಗಾಬರಿಯಾಗಿದ್ದೆ.

"ಅಕ್ಕೋರ, ನಾ ಎಂಥ ಭಾರ ಹೊರೂ ಕತ್ತಿರೀ! ಮೀಟರ್ ಲೆಕ್ಕ ತಗೊಳ್ಳೂದು ಚಕ್ರದಿಂದ ಅಲ್ಲ, ಆ ದಂಡದಿಂದ. ದಂಡ ನಾಕು ಸುತ್ತು ತಿರುಗಿದ್ರ ಚಕ್ರ ಒಂದು ಸುತ್ತು ಅಂತ ಅದರ ತಲ್ಯಾಗ ಕೂತೈತಿ. ನಾವು ಹಿಂದ ಗೇರು ಬದಲಿ ಮಾಡಿದ್ವಿ, ಅದಕ್ಕ ಹೇಳ್ಲೇ ಇಲ್ಲ. ಒಂದ್ ಸಣ್ಣ ಪ್ಲಾಸ್ಟಿಕ್ ಹಲ್ಲಿನ ಚಕ್ರ ಬದಲಿ ಮಾಡಬೇಕಿತ್ತು. ನಾ ರಸೆಲ್ ಮಾಡ್ಯಾನ ಅಂದ್ಕೊಂಡೆ, ಅಂವಾ ನಾ ಮಾಡೀನಿ ಅಂದ್ಕೊಂಡಾನ. ನಾಕು ಮೈಲಿ ಬಂದ್ರ ಅದು ಮೂರು ಅಂತೈತಿ. ಸದ್ದೂ ಅದಕ್ಕs ಹಂಗ ಇತ್ತು, ಎಂಬತ್ತರಾಗ ಹೊಂಟಿದ್ವಿ."

ಜೀವಮಾನವೆಲ್ಲ ಗೇರಿನ ನಕ್ಷೆ ಬರೆದವರು, ಗೇರು ಬದಲಿಸಿ ಮೀಟರನ್ನು ಮರೆತಿದ್ದರು. ಅದಕ್ಕೆ ನಾಚಿಕೆಪಡುವ ವ್ಯವಧಾನ ಮಾತ್ರ ಅವರಿಗಿರಲಿಲ್ಲ. ಅಲ್ಲೇ, ಟ್ರೂಪರ್ ಕಿಟಕಿಯಲ್ಲಿ ನಿಂತಿರುವಾಗಲೇ, ಮತ್ತೆ ಭಾಗಿಸಿದರು. ಹನ್ನೆರಡೆಂದುಕೊಂಡದ್ದು ಹದಿನೈದರ ಮೇಲೆ ಬಂತು. ಅದೂ ಎಂಬತ್ತರ ಓಟದಲ್ಲಿ. ನಿಜವಾದ ಅರವತ್ತಕ್ಕೆ ಇಳಿಸಿದರೆ ಇನ್ನೂ ಏರುತ್ತದೆ. ಇದನ್ನೆಲ್ಲ ಅವರು ಆ ಹುಡುಗನಿಗೂ ಮುಷ್ಟಿ ತಿರುಗಿಸಿ ವಿವರಿಸಿದರು. ಅವನು ಮೊದಲು ತಲೆಯಾಡಿಸಿದ, ಆಮೇಲೆ ಪ್ರಶ್ನೆ ಕೇಳಿದ, ಕೊನೆಗೆ ಬಾನೆಟ್ಟು ತೆರೆಯಬಹುದೇ ಎಂದ. ಅವನ ಅಜ್ಜನ ಹತ್ತಿರ ಇಂಥದೇ ಒಂದಿತ್ತಂತೆ. ವಾರ್ನಿಂಗ್ ಕೊಟ್ಟು ಬಿಟ್ಟ. "ಮೀಟರ್ ಸರಿ ಮಾಡಿಸಿ, ಮ್ಯಾಮ್. ಅಲ್ಲಿಯವರೆಗೆ ನಲವತ್ತೈದು ತೋರಿಸುವ ಹಾಗೆ ಓಡಿಸಿ."

"ನಲವತ್ತೈದು ನೆನಪಿರಬೇಕಲ್ರೀ," ಎಂದರು ಗಿರಿಜಕ್ಕ ಹೊರಡುವಾಗ. "ಕಣ್ಣು ಅರವತ್ತಕ್ಕs ಹೋಗತಾವ."

ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಸ್ಟಿಕರ್ ಬೊಟ್ಟಿನ ಪ್ಯಾಕೆಟ್ಟು ಯಾವಾಗಲೂ ಇರುತ್ತದೆ. ಒಂದು ಕೆಂಪು ಬೊಟ್ಟು ತೆಗೆದು, ಬಗ್ಗಿ, ಮೀಟರಿನ ಗಾಜಿನ ಮೇಲೆ ನಲವತ್ತೈದರ ಹತ್ತಿರ ಅಂಟಿಸಿದೆ. ಅವರು ನೋಡಿದರು. "ಅಕ್ಕೋರ, ನೀವು ಎಂಜಿನಿಯರ ಆಗಬೇಕಿತ್ತು" ಎಂದರು. ನನಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ನಾನು ಗೋಡೆಗೆ ತೂಗುಹಾಕಬೇಕಾದದ್ದು ಅದು. ಆಮೇಲೆ ಕೈ ಚಾಚಿ ರೊಟ್ಟಿ ಕೇಳಿದರು.

ಮುಳ್ಳು ಬೊಟ್ಟಿನ ಮೇಲೆ ಕೂತಿತು. ಸದ್ದೇ ಬೇರೆಯಾಯಿತು. ಬೊಬ್ಬೆ ಹೋಗಿ, ತಂಬೂರಿಯ ಕೆಳತಂತಿಯ ಹಾಗೆ ಒಂದು ತುಂಬು ಝೇಂಕಾರ. ಷಾರ್ಲಟ್ ಹೋಯಿತು. ಹೆದ್ದಾರಿಯ ಎರಡೂ ಕಡೆ ಕ್ಯಾರೊಲೈನಾದ ಮರಗಳು ಹಳದಿ, ತಾಮ್ರ, ಕುಂಕುಮ ಆಗಿದ್ದವು. ಈಗ ಎಲ್ಲರೂ ನಮ್ಮನ್ನು ದಾಟಿ ಹೋಗುತ್ತಿದ್ದರು. ದೋಣಿ ಎಳೆಯುವ ಟ್ರಕ್ಕೂ ದಾಟಿತು, ಅದರ ಡ್ರೈವರು ಹಾರ್ನ್ ಹೊಡೆದು ಕೈಬೀಸಿದ. ಗಿರಿಜಕ್ಕ ರಾಜಗಾಂಭೀರ್ಯದಿಂದ ಕೈ ಎತ್ತಿದರು. ನಾನು ಮೈಲಿ ಓದುವುದು, ಅವರು ಮೂರಕ್ಕೆ ನಾಲ್ಕು ಮಾಡುವುದು. ಗ್ರೀನ್ಸ್‌ಬರೋ ದಾಟಿದ ಮೇಲೆಯೇ ಗ್ಯಾಸ್ ಹಾಕಿಸಿದ್ದು. ಕೈಗೆ ಎರಡೆರಡು ಗ್ಲೌಸು, ಮುಖಕ್ಕೆ ಮಾಸ್ಕು, ಪಂಪಿನ ಹಿಡಿಕೆಗೆ ಪ್ಲಾಸ್ಟಿಕ್ ಚೀಲ. ಆಪರೇಷನ್ ಮಾಡುವ ಡಾಕ್ಟರರ ಹಾಗೆ ನಿಂತು, ಬಾಯಿವರೆಗೆ ತುಂಬಿಸಿದರು.

ಅಲ್ಲಿಂದ ಮುಂದೆ ಯಾರೂ ತಮಾಷೆ ಮಾಡಲಿಲ್ಲ. ಉಳಿದ ದಾರಿ ಮತ್ತು ಟ್ಯಾಂಕು ಹೆಚ್ಚುಕಡಿಮೆ ಸಮವಾಗಿದ್ದವು. ವರ್ಜೀನಿಯಾದಲ್ಲಿ ಹಿಂದಿನಿಂದ ಗಾಳಿ ಬೀಸಲೆಂದು ನಾನು ಸಿಸ್ಟರ್‌ಗಳು ಕಲಿಸಿದ ಪ್ರೇಯರನ್ನೂ ಹೇಳಿದೆ, ಚಾಮುಂಡಿಯನ್ನೂ ನೆನೆದೆ. ವಾಷಿಂಗ್ಟನ್ನಿನ ಸುತ್ತಿನ ರಸ್ತೆ, ಸಂಜೆ ಹೊತ್ತು ಸದಾ ಹಿಡಿದು ನಿಲ್ಲಿಸುವ ರಸ್ತೆ, ಆ ವರ್ಷ ಬಿಕೋ ಎನ್ನುತ್ತಿತ್ತು. ಮುಳ್ಳು ಖಾಲಿಯ ಗೆರೆ ಮುಟ್ಟಿತು, ಗೆರೆಯ ಕೆಳಗೂ ಇಳಿಯಿತು. ಗಿರಿಜಕ್ಕ ಆ್ಯಕ್ಸಿಲರೇಟರನ್ನು ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಒತ್ತುತ್ತಿದ್ದರು.

"ಹೇಳಬ್ಯಾಡ್ರಿ," ಎಂದರು. "ಇನ್ನ ಮುಳ್ಳು ನೋಡಬ್ಯಾಡ್ರಿ. ರಸ್ತಾ ನೋಡ್ರಿ."

ವೀಣಾಳ ಬೀದಿಯ ತಿರುವಿನಲ್ಲಿ ಕಾರು ಒಮ್ಮೆ ಬಿಕ್ಕಿತು. ಬೀದಿ ಇಳಿಜಾರು, ದೇವರು ದೊಡ್ಡವನು. ಎಂಜಿನ್ ಇನ್ನೊಂದು ಸಲ ಬಿಕ್ಕಿ ಆರಿಹೋಯಿತು. ಗಿರಿಜಕ್ಕ ಗೇರು ಬಿಡಿಸಿದರು. ಆ ಗುಡುಗಿನ ಕಾರು, ಕಾನ್ವೆಂಟಿನ ಹುಡುಗಿಯ ಹಾಗೆ ಒಂದು ಚೂರೂ ಸದ್ದಿಲ್ಲದೆ, ಟೈರು ಮಾತ್ರ ಪಿಸುಗುಟ್ಟುತ್ತ ಉರುಳಿ ಹೋಗಿ ಮಗಳ ಮನೆಯ ಮುಂದೆ ನಿಂತಿತು.

ಮಗುವನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ ವೀಣಾ, "ಹೌ ಮೆನಿ?" ಎಂದು ದೂರದಿಂದಲೇ ಕೇಳಿದಳು.

ನಾನು ಸಾಕ್ಷಿಯಲ್ಲವೇ. ಕಿಟಕಿಯಿಂದ ಒಂದು ಬೆರಳು ಎತ್ತಿ ತೋರಿಸಿದೆ.

ವೀಣಾ ಇಳಿದು ಬಂದಳು. ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಅದರ ಬಿಸಿಗೆ ಕೈ ತೆಗೆಯದೆ ನಿಂತಳು. "ಅಪ್ಪನ ಸ್ಮೆಲ್," ಎಂದಳು. ಅವಳ ತೋಳಿನ ಮಗು ಆ ದೊಡ್ಡ ನೀಲಿ ಮುಖವನ್ನು ನೋಡಿ ಆಕಳಿಸಿತು. ಗಿರಿಜಕ್ಕ ಸೀಟಿನಿಂದ ಏಳಲಿಲ್ಲ. ಕಾಲು ಮರಗಟ್ಟಿದೆ ಎಂದರು.

ಆ ವಾರದಲ್ಲೇ ವೀಣಾ ರಸೆಲ್‌ಗೆ ಫೋನ್ ಮಾಡಿ, ಕಾರು ಮಾರುವುದಿಲ್ಲವೆಂದು ತಾನೇ ಹೇಳಿದಳು. ನಾವು ಅದರಲ್ಲೇ ಸುವಾನಿಗೆ ಮರಳಿದೆವು. ನಾನು ಮೈಸೂರಿಗೆ ಮರಳಿದ ಮುಂದಿನ ಚಳಿಗಾಲದಲ್ಲಿ ಗಿರಿಜಕ್ಕ ನಿದ್ದೆಯಲ್ಲೇ ಹೋದರು ಎಂದು ಸುಮನ ಫೋನಿನಲ್ಲಿ ಹೇಳಿದಳು. ಕಾರು ಈಗ ವೀಣಾಳ ಗರಾಜಿನಲ್ಲಿದೆ. ಕಾಫಿ ಲೋಟದ ಮುಂದೆ ಕೂತಾಗ ಈಗಲೂ ನಾನು ಅಲೆ ಏಳುತ್ತದೆಯೇ ಎಂದು ನೋಡುವುದುಂಟು. ಸಿಲ್ಲಿ, ಐ ನೋ.

ಅವರನ್ನು ನಾನು ಕೊನೆಯ ಸಲ ಕಂಡದ್ದು ಅಟ್ಲಾಂಟಾ ಏರ್‌ಪೋರ್ಟಿನಲ್ಲಿ. ವಿಮಾನಗಳು ಮತ್ತೆ ಶುರುವಾಗಿದ್ದವು. ನನ್ನ ಸೂಟ್‌ಕೇಸುಗಳು ಸುಮನಳ ವ್ಯಾನಿನಲ್ಲಿ ಬಂದವು, ನಾನು ಮಾತ್ರ ನೀಲಿ ಕಾರಿನಲ್ಲಿ. ದಾರಿಯುದ್ದಕ್ಕೂ ಮುಳ್ಳು ಬೊಟ್ಟಿನ ಮೇಲಿತ್ತು. ಅದೇ ಕೆಂಪು ಬೊಟ್ಟು, ಅಂಚು ಸ್ವಲ್ಪ ಎದ್ದಿತ್ತು.

"ಇನ್ನೂ ಮೀಟರ್ ಸರಿ ಮಾಡಿಸಿಲ್ವಾ?" ಎಂದೆ. "ಆ ಪ್ಲಾಸ್ಟಿಕ್ ಚಕ್ರ ರಸೆಲ್ ತಂದುಕೊಟ್ಟಿದ್ದನಲ್ಲ."

"ತಂದಾನ. ಡ್ರಾವರಿನ್ಯಾಗ ಐತಿ." ಅವರು ಮೀಟರಿನತ್ತ ನೋಡಿದರು. "ಇರಲಿ ಬಿಡ್ರಿ ಅಕ್ಕೋರ. ಇಡೀ ಕಾರಿನ್ಯಾಗ ಅವರ ಗೇರು ಇನ್ನೂ ಐತಿ ಅಂತ ನಂಬಿರೂದು ಅದೊಂದs."

ನಾನು ಇಳಿದೆ. ಆಗ ಯಾರೂ ಯಾರನ್ನೂ ಅಪ್ಪಿಕೊಳ್ಳುವಂತಿರಲಿಲ್ಲ. ಕಿಟಕಿಯಾಚೆ ಅವರು ಎರಡೂ ಮುಷ್ಟಿ ಕಟ್ಟಿ, ಗೆಣ್ಣಿಗೆ ಗೆಣ್ಣು ಕೂರಿಸಿ, ಒಂದು ಸುತ್ತು ತಿರುಗಿಸಿ ತೋರಿಸಿದರು. ಆಮೇಲೆ ಮುಂದೆ ರಸ್ತೆ ಖಾಲಿಯಿದ್ದದ್ದು ನೋಡಿ, ನನಗಾಗಿಯೇ ಇರಬೇಕು, ಕಾರನ್ನು ಚಿಮ್ಮಿಸಿದರು. ಬಾಗಿಲ ಬಳಿ ನಿಂತಿದ್ದ ಪೊಲೀಸಿನವನು ತಿರುಗಿ ನೋಡಿದ. ನೀಲಿ ಬಾಲ ತಿರುವಿನಲ್ಲಿ ಮರೆಯಾಯಿತು. ಸದ್ದು ಇನ್ನೂ ಇತ್ತು. ಎರಡನೇ ಗೇರು, ಮೂರನೇ ಗೇರು. ನಾಲ್ಕನೆಯದು ಬೀಳುವುದು ಕೇಳಿಸುವವರೆಗೂ ನಾನು ಒಳಗೆ ಹೋಗಲಿಲ್ಲ.